ಕಾವಿಗೆ ಕೂರದ ಕೋಳಿ: ಗ್ರೇಟ್ ನಿಕೋಬಾರ್ ಬಂದರು ಮತ್ತು ಮೆಗಾಪೋಡ್ ಹಕ್ಕಿಯ ಲೆಕ್ಕ

ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ಪಟ್ಟಣ ಕಟ್ಟುವ ಯೋಜನೆ ಸುದ್ದಿಗೆ ಬಂದಾಗಲೆಲ್ಲ ಒಂದಕ್ಕೊಂದು ತಾಳೆಯಾಗದ ಲೆಕ್ಕಗಳು ಓದುಗರ ಮುಂದೆ ಬಂದು ಬೀಳುತ್ತವೆ. ಯೋಜನೆಗೆ ಬಳಸುವ ಕಾಡು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಒಟ್ಟು ಅರಣ್ಯದ ಶೇ 1.82ರಷ್ಟು ಮಾತ್ರ ಎನ್ನುತ್ತದೆ ಕೇಂದ್ರ ಸರ್ಕಾರ. ಅದೇ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಕಡಿಯಬೇಕಾಗುವ ಮರಗಳ ಅಂದಾಜು 9.64 ಲಕ್ಷ. ಆಮೇಲೆ ಬಂದ ವಿವರಣೆಯಲ್ಲಿ ಅದು ಹೆಚ್ಚೆಂದರೆ 7.11 ಲಕ್ಷ. ಒಂದು ಕಡೆಯವರು ದೇಶದ ಭದ್ರತೆ ಎನ್ನುತ್ತಾರೆ, ಇನ್ನೊಂದು ಕಡೆಯವರು ಪರಿಸರ ದುರಂತ ಎನ್ನುತ್ತಾರೆ. ಎರಡೂ ಕಡೆ ದಾಖಲೆಗಳಿವೆ. ಹಾಗಾದರೆ ಯಾವುದನ್ನು ನಂಬಬೇಕು?

ಇಂಥ ಗೋಜಲನ್ನು ಬಿಡಿಸಲು ಒಂದೇ ಒಂದು ಎಳೆ ಹಿಡಿದು ಹೊರಡುವುದು ಒಳ್ಳೆಯದು. ಇಲ್ಲಿ ಆ ಎಳೆ ನಿಕೋಬಾರ್ ಮೆಗಾಪೋಡ್ ಎಂಬ ಹಕ್ಕಿ. ನಿಕೋಬಾರ್ ದ್ವೀಪಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಮೂಲೆಯಲ್ಲೂ ಇದು ಇಲ್ಲ. ಈ ಹಕ್ಕಿ ಮರಿ ಮಾಡುವ ಬಗೆ ಅರ್ಥವಾದರೆ, ಶೇಕಡಾವಾರು ಲೆಕ್ಕ ಎಲ್ಲಿ ಎಡವುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಮೊಟ್ಟೆಗೆ ಮಣ್ಣಿನ ಕಾವು

ಮೆಗಾಪೋಡ್ ಕೋಳಿಯ ದೂರದ ನೆಂಟ. ಗಾತ್ರವೂ ಹೆಚ್ಚುಕಡಿಮೆ ನಾಟಿಕೋಳಿಯದ್ದೇ. ಮೈ ಕಂದು, ಬಾಲ ಮೋಟು, ಕಣ್ಣಿನ ಸುತ್ತ ಪುಕ್ಕವಿಲ್ಲದ ಕೆಂಪು ಚರ್ಮ. ಎದ್ದು ಕಾಣುವುದು ಕಾಲುಗಳು: ಮೈಗೆ ಹೋಲಿಸಿದರೆ ದೊಡ್ಡವು, ಬಲವಾದವು, ಉದ್ದ ಉಗುರಿನವು. ಗ್ರೀಕ್ ಮೂಲದ ಮೆಗಾಪೋಡ್ ಎಂಬ ಹೆಸರಿಗೆ ದೊಡ್ಡ ಪಾದ ಎಂದೇ ಅರ್ಥ. ಕಾಡಿನ ನೆಲದ ಮೇಲೆ ಓಡಾಡುತ್ತ, ತರಗೆಲೆ ಕೆದರಿ ಹುಳ, ಬಸವನಹುಳು, ಬೀಜ, ಸಣ್ಣ ಏಡಿ ಹೀಗೆ ಸಿಕ್ಕಿದ್ದನ್ನು ತಿನ್ನುತ್ತದೆ. ಅಪಾಯ ಕಂಡರೆ ಹಾರುವುದಕ್ಕಿಂತ ಓಡುವುದೇ ಹೆಚ್ಚು.

ಇಷ್ಟಾದರೆ ಇದೂ ಒಂದು ಕಾಡುಕೋಳಿ ಎನ್ನಬಹುದಿತ್ತು. ವಿಶೇಷ ಶುರುವಾಗುವುದು ಮೊಟ್ಟೆಯ ವಿಷಯದಲ್ಲಿ. ಮೆಗಾಪೋಡ್ ಕಾವಿಗೆ ಕೂರುವುದೇ ಇಲ್ಲ. ಗಂಡು ಹೆಣ್ಣು ಸೇರಿ ಮರಳು, ಮಣ್ಣು, ಹವಳದ ಚೂರು, ತರಗೆಲೆ, ಕಡ್ಡಿಗಳನ್ನು ಕಾಲಿನಿಂದ ಹಿಂದಕ್ಕೆ ಎರಚಿ ಎರಚಿ ದಿಬ್ಬ ಕಟ್ಟುತ್ತವೆ. ಕೆಲವು ದಿಬ್ಬ ಬಯಲಲ್ಲಿ, ಕೆಲವು ಮರದ ಬುಡಕ್ಕೋ ಬಿದ್ದ ದಿಮ್ಮಿಗೋ ಆತುಕೊಂಡು, ಕೆಲವು ಕೊಳೆಯುತ್ತಿರುವ ಬೊಡ್ಡೆಯ ಮೇಲೆಯೇ. ಹೆಣ್ಣು ಅದರಲ್ಲಿ ಆಳದ ಗುಂಡಿ ತೋಡಿ ಒಂದು ಮೊಟ್ಟೆ ಇಟ್ಟು ಮುಚ್ಚುತ್ತದೆ. ಕೆಲವು ದಿನ ಬಿಟ್ಟು ಬಂದು ಇನ್ನೊಂದು.

ತಿಪ್ಪೆ ಕೆದಕಿದಾಗ ಒಳಗಿನಿಂದ ಹಬೆ ಏಳುವುದನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ತೇವವಿರುವ ಎಲೆ, ಕಡ್ಡಿಗಳನ್ನು ಸೂಕ್ಷ್ಮಜೀವಿಗಳು ಕೊಳೆಸುವಾಗ ಶಾಖ ಹುಟ್ಟುತ್ತದೆ. ಮೇಲಿನ ಮರಳಿನ ಹೊದಿಕೆ ಆ ಶಾಖ ಸೋರಿಹೋಗದಂತೆ ಹಿಡಿದಿಡುತ್ತದೆ. ದಿಬ್ಬದ ಒಡಲು ಸುಮಾರು 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಕ್ಕಿಗಳು ಬಂದು ಕೆದರುವುದು, ಹೊಸ ಎಲೆ ಸೇರಿಸುವುದು, ಮತ್ತೆ ಮುಚ್ಚುವುದು ನಡೆದೇ ಇರುತ್ತದೆ. ಹಾಗಾಗಿ ದಿಬ್ಬ ಒಂದು ಋತುವಿನ ಗೂಡಾಗಿ ಮುಗಿಯುವುದಿಲ್ಲ. ಒಳ್ಳೆಯ ದಿಬ್ಬವನ್ನು ವರ್ಷಗಟ್ಟಲೆ ಬಳಸುತ್ತವೆ. ಒಂದೇ ದಿಬ್ಬದಲ್ಲಿ ಒಂದಕ್ಕಿಂತ ಹೆಚ್ಚು ಜೋಡಿ ಮೊಟ್ಟೆ ಇಡುವುದೂ ಉಂಟು. ವರ್ಷದಿಂದ ವರ್ಷಕ್ಕೆ ಮಣ್ಣು ಏರಿಸಿದಂತೆ ಅದು ಆಳೆತ್ತರಕ್ಕೆ ಹತ್ತಿರವಾಗುವಷ್ಟೂ ಬೆಳೆಯಬಹುದು.

ಮೊಟ್ಟೆ ಒಡೆಯಲು 70ರಿಂದ 80 ದಿನ ಬೇಕು. ನಮ್ಮ ಕೋಳಿಗೆ 21 ದಿನ ಸಾಕು. ಈ ದೀರ್ಘ ಕಾಲಕ್ಕೆ ಬೇಕಾದ ಬುತ್ತಿ ಮೊಟ್ಟೆಯಲ್ಲೇ ಇರುತ್ತದೆ. ಕೋಳಿಮೊಟ್ಟೆಯ ಒಳಗಿನದರಲ್ಲಿ ಹಳದಿಯ ಪಾಲು ಮೂರನೇ ಒಂದರಷ್ಟಾದರೆ, ಮೆಗಾಪೋಡ್ ಕುಟುಂಬದ ಹಕ್ಕಿಗಳ ಮೊಟ್ಟೆಯಲ್ಲಿ ಅದು ಅರ್ಧ ಅಥವಾ ಅದಕ್ಕೂ ಹೆಚ್ಚು. ಮರಿ ಮಣ್ಣಿನೊಳಗೇ ಚಿಪ್ಪು ಒಡೆದು, ಬೆನ್ನು ಮತ್ತು ಕಾಲಿನಿಂದ ಮಣ್ಣು ಸರಿಸುತ್ತ ಮೇಲಕ್ಕೆ ಬರುತ್ತದೆ. ಹೊರಬರುವ ಹೊತ್ತಿಗೆ ಅದಕ್ಕೆ ಪುಕ್ಕ ಬಂದಿರುತ್ತದೆ, ಓಡಬಲ್ಲದು, ಬೇಗನೆ ಹಾರಲೂ ಬಲ್ಲದು. ತಾಯಿಯಿಂದ ಗುಟುಕಿಲ್ಲ, ತಂದೆಯಿಂದ ಕಾವಲಿಲ್ಲ. ಹಕ್ಕಿಗಳ ಲೋಕದಲ್ಲಿ ಹುಟ್ಟಿದ ಕ್ಷಣದಿಂದ ಇಷ್ಟು ಸ್ವತಂತ್ರವಾಗಿರುವ ಮರಿಗಳು ಬೇರೆ ಇಲ್ಲವೆಂದೇ ಹೇಳಬೇಕು.

ಈ ಸ್ವಾತಂತ್ರ್ಯದ ಇನ್ನೊಂದು ಮುಖವನ್ನು ಮರೆಯಬಾರದು. ಬೇರೆ ಹಕ್ಕಿಗಳಲ್ಲಿ ತಾಯಿ ಮಾಡುವ ಕೆಲಸವನ್ನೆಲ್ಲ ಇಲ್ಲಿ ಜಾಗ ಮಾಡುತ್ತದೆ. ಜಾಗ ಕೆಟ್ಟರೆ ಆ ಕೆಲಸ ಮಾಡಲು ಇನ್ಯಾರೂ ಇಲ್ಲ.

ಕಡಲಂಚೇ ಏಕೆ ಬೇಕು?

ಮೆಗಾಪೋಡ್ ಆಹಾರಕ್ಕಾಗಿ ಕಾಡಿನ ಒಳಗೂ ಹೋಗುತ್ತದೆ. ದಿಬ್ಬಗಳು ಮಾತ್ರ ಬಹುಪಾಲು ಕಡಲಿಗೆ ಹತ್ತಿರದ ತೆಳು ಪಟ್ಟಿಯಲ್ಲಿವೆ. ಕಾರಣ ಮಣ್ಣು. ಒಳನಾಡಿನ ಜೇಡಿಮಣ್ಣು ಮಳೆಗೆ ಅಂಟುತ್ತದೆ, ನೀರು ಹಿಡಿಯುತ್ತದೆ, ಒಣಗಿದರೆ ಗಟ್ಟಿಯಾಗುತ್ತದೆ. ಮೊಟ್ಟೆಗೆ ಉಸಿರಾಟವೂ ಬೇಕಲ್ಲ. ಅಂಟುಮಣ್ಣಿನಲ್ಲಿ ಗಾಳಿ ಆಡುವುದಿಲ್ಲ, ಮರಿಗೆ ತೋಡಿಕೊಂಡು ಬರುವುದೂ ಕಷ್ಟ. ಕಡಲಂಚಿನ ಮರಳು ಸಡಿಲ, ನೀರು ಬಸಿದುಹೋಗುತ್ತದೆ, ಕೆದರಲು ಹಗುರ.

ಬರಿ ಮರಳು ಸಾಲದು ಎಂಬುದೂ ಅಷ್ಟೇ ಮುಖ್ಯ. ಶಾಖ ಹುಟ್ಟಿಸುವುದು ತರಗೆಲೆ, ತರಗೆಲೆ ಉದುರಿಸುವುದು ಮರ. ಮರದ ನೆರಳಿಲ್ಲದಿದ್ದರೆ ದಿಬ್ಬ ಬಿಸಿಲಿಗೆ ಒಣಗುತ್ತದೆ; ತೇವ ಆರಿದರೆ ಕೊಳೆಯುವಿಕೆ ನಿಲ್ಲುತ್ತದೆ; ಕೊಳೆಯುವಿಕೆ ನಿಂತರೆ ಕಾವು ನಿಲ್ಲುತ್ತದೆ. ಹಾಗಾಗಿ ಈ ಹಕ್ಕಿಗೆ ಬೇಕಾದದ್ದು ಮರಳೂ ಮರವೂ ಒಟ್ಟಿಗೆ ಸಿಗುವ ಜಾಗ. ಅಂಥ ಜಾಗ ಯಾವ ದ್ವೀಪದಲ್ಲೂ ಅಗಲವಾಗಿರುವುದಿಲ್ಲ, ದ್ವೀಪಕ್ಕೆ ಅಂಚು ಕಟ್ಟಿದ ಹಾಗೆ ಸುತ್ತುತ್ತದೆ.

ಮನುಷ್ಯನಿಗೆ ಬೇಕಾದ ಜಾಗವೂ ಅದೇ. ತೆಂಗು ಬೆಳೆಯುವುದು ಅಲ್ಲೇ, ಮನೆ ಕಟ್ಟುವುದು ಅಲ್ಲೇ, ರಸ್ತೆ ಹಾಯುವುದು ಅಲ್ಲೇ, ಬಂದರು ಬರಬೇಕಾದದ್ದೂ ಅಲ್ಲೇ. ಪೆಸಿಫಿಕ್ ದ್ವೀಪಗಳಲ್ಲಿ ಮನುಷ್ಯ ಕಾಲಿಟ್ಟ ನಂತರ ಮೆಗಾಪೋಡ್ ಕುಟುಂಬದ ಹಲವು ಪ್ರಭೇದಗಳು ಅಳಿದುಹೋದ ಇತಿಹಾಸವಿದೆ. ಕೈಗೆ ಸಿಗುವಲ್ಲಿ ದೊಡ್ಡ ಮೊಟ್ಟೆ, ಕಾಯದ ಗೂಡು, ನೆಲದ ಮೇಲೆ ಓಡಾಡುವ ಹಕ್ಕಿ: ನಾಯಿ, ಹಂದಿ, ಬೇಟೆಗಾರ ಎಲ್ಲರಿಗೂ ಸುಲಭದ ತುತ್ತು.

ನಿಕೋಬಾರ್‌ನ ಹಕ್ಕಿ ಈ ಕುಟುಂಬದ ಒಂಟಿ ಪಡುವಣ ಕವಲು. ಆಸ್ಟ್ರೇಲಿಯಾ, ನ್ಯೂಗಿನಿ, ಪೂರ್ವ ಇಂಡೊನೇಷ್ಯಾ, ಫಿಲಿಪೀನ್ಸ್ ಕಡೆ ಇದರ ನೆಂಟರಿದ್ದಾರೆ. ನಡುವಿನ ಸುಮಾತ್ರಾದಲ್ಲಿ, ಮಲಯಾದಲ್ಲಿ ಒಂದೂ ಇಲ್ಲ. ನಿಕೋಬಾರ್ ಒಳಗೂ ಎರಡು ಉಪಪ್ರಭೇದಗಳಿವೆ. ಸೋಂಬ್ರೆರೋ ಚಾನಲ್ ಎಂಬ ಜಲಸಂಧಿಯಿಂದ ಉತ್ತರಕ್ಕೆ ಒಂದು. ದಕ್ಷಿಣಕ್ಕೆ, ಅಂದರೆ ಗ್ರೇಟ್ ನಿಕೋಬಾರ್, ಲಿಟಲ್ ನಿಕೋಬಾರ್ ಮತ್ತು ಸುತ್ತಲಿನ ಪುಟ್ಟ ದ್ವೀಪಗಳಲ್ಲಿ ಇನ್ನೊಂದು. ಈಗಿನ ವಿವಾದ ಈ ಎರಡನೆಯದಕ್ಕೆ ನೇರ ಸಂಬಂಧಪಟ್ಟದ್ದು.

ಸುನಾಮಿ ತೋರಿಸಿಕೊಟ್ಟದ್ದು

2004ರ ಡಿಸೆಂಬರ್ 26ರ ಭೂಕಂಪದಲ್ಲಿ ಗ್ರೇಟ್ ನಿಕೋಬಾರ್‌ನ ದಕ್ಷಿಣ ತುದಿ ಸುಮಾರು 4 ಮೀಟರ್ ಕುಸಿಯಿತು. ಇಂದಿರಾ ಪಾಯಿಂಟ್‌ನ ದೀಪಸ್ತಂಭದ ಬುಡಕ್ಕೆ ಕಡಲು ಬಂತು. ಹಿಂದೆಯೇ ಎದ್ದ ಸುನಾಮಿ ಕಡಲಂಚಿನ ಕಾಡನ್ನು ಬೋಳಿಸಿತು. ಮೆಗಾಪೋಡ್ ದಿಬ್ಬಗಳಿದ್ದದ್ದು ಸರಿಯಾಗಿ ಆ ಪಟ್ಟಿಯಲ್ಲೇ.

1990ರ ದಶಕದ ಸಮೀಕ್ಷೆಗೂ 2006ರ ಸಮೀಕ್ಷೆಗೂ ನಡುವೆ ಈ ಹಕ್ಕಿಯ ಸಂಖ್ಯೆ ಸುಮಾರು ಶೇ 70ರಷ್ಟು ಇಳಿದಿತ್ತು. ಕಡಲಂಚಿನಲ್ಲಿ ಮರಿ ಮಾಡುವ ಜೋಡಿಗಳು ಕೆಲವೇ ನೂರು ಎಂಬ ಅಂದಾಜು ಬಂತು: ಸುಮಾರು 400ರಿಂದ 800. ಇದೇ ಹಕ್ಕಿಯ ಹೆಸರು ಹೊತ್ತು ಅಭಯಾರಣ್ಯ ಎನಿಸಿಕೊಂಡಿದ್ದ ಪುಟ್ಟ ಮೆಗಾಪೋಡ್ ದ್ವೀಪದಿಂದಲೇ ಹಕ್ಕಿ ಕಾಣೆಯಾಯಿತು.

ಆದರೆ ಸುನಾಮಿಯ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕಡಲು ಒಳಬಂದಂತೆ ಕಡಲಂಚೂ ಒಳಸರಿಯಿತು. ಹೊಸ ದಡದಲ್ಲಿ ಮರಳು ಕೂಡಿತು, ಗಿಡ ಎದ್ದಿತು, ಎಲೆ ಉದುರಿತು. ಬದುಕುಳಿದ ಹಕ್ಕಿಗಳು ಅಲ್ಲಿ ಮತ್ತೆ ದಿಬ್ಬ ಕಟ್ಟಿದವು. ಸಾವಿರಾರು ವರ್ಷಗಳಿಂದ ಭೂಕಂಪದ ನೆಲದಲ್ಲೇ ಬದುಕಿದ ಹಕ್ಕಿಗೆ ಇದು ಹೊಸ ಪಾಠವಿರಲಾರದು: ಅಂಚು ಸರಿದರೆ ತಾನೂ ಸರಿಯಬೇಕು. ಹಾಗೆ ಸರಿಯಲು ಹಿಂದೆ ಕಾಡು ಇರಬೇಕು, ಅಷ್ಟೇ.

ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಕಡಿಮೆ ಕೇಳಿಬರುವ, ಹೆಚ್ಚು ಕೇಳಿಬರಬೇಕಾದ ಮಾತು ಇದು. ಸುನಾಮಿ ದಡವನ್ನು ಜರುಗಿಸಿತು, ಕಾಂಕ್ರೀಟು ದಡವನ್ನು ಕಟ್ಟಿಹಾಕುತ್ತದೆ. ಧಕ್ಕೆ, ಅಲೆತಡೆ, ರನ್‌ವೇ, ರಸ್ತೆ ಬಂದ ಕಡೆ ಮರಳು ಮತ್ತು ಮರ ಮತ್ತೆ ಜೊತೆಯಾಗುವ ಅವಕಾಶವೇ ಇರುವುದಿಲ್ಲ. ಮುಂದೊಂದು ದಿನ ಸಮುದ್ರ ಮಟ್ಟ ಏರಿದರೂ, ನೆಲ ಕುಸಿದರೂ, ಹಕ್ಕಿಗೆ ಹಿಂದೆ ಸರಿಯಲು ಜಾಗ ಉಳಿದಿರುವುದಿಲ್ಲ.

ಗಲಾಥಿಯಾ ಕೊಲ್ಲಿಯ ಕಡತ

1846ರಲ್ಲಿ ಗಲಾಥಿಯಾ ಎಂಬ ಡೆನ್ಮಾರ್ಕಿನ ನೌಕೆ ನಿಕೋಬಾರ್‌ಗೆ ಬಂದಿತ್ತು. ಗ್ರೇಟ್ ನಿಕೋಬಾರ್‌ನ ಆಗ್ನೇಯ ಕೊಲ್ಲಿಗೂ ಅಲ್ಲಿ ಕಡಲು ಸೇರುವ ನದಿಗೂ ಆ ನೌಕೆಯ ಹೆಸರೇ ಉಳಿಯಿತು. ಅದೇ ವರ್ಷ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ ಮೆಗಾಪೋಡ್‌ಗೆ ವೈಜ್ಞಾನಿಕ ಹೆಸರಿಟ್ಟರು. ಕೊಲ್ಲಿ ಮತ್ತು ಹಕ್ಕಿ ಎರಡೂ ಈಗ ಒಂದೇ ಕಡತದಲ್ಲಿವೆ.

ಗಲಾಥಿಯಾ ಕೊಲ್ಲಿ 1997ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ತೊಗಲುಬೆನ್ನಿನ ದೈತ್ಯ ಕಡಲಾಮೆಗಳು ಮೊಟ್ಟೆ ಇಡುವ, ದೇಶದ ಬಹುಮುಖ್ಯ ತೀರಗಳಲ್ಲಿ ಇದೂ ಒಂದು. 2021ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಈ ಅಭಯಾರಣ್ಯದ ಅಧಿಸೂಚನೆ ರದ್ದುಪಡಿಸಲು ಒಪ್ಪಿತು. ಇದೇ ಕೊಲ್ಲಿಯಲ್ಲಿ ಬರಲಿರುವ ಬಂದರಿಗೆ ದಾರಿಯಾದದ್ದು ಅಲ್ಲಿಂದ. 2022ರ ಅಕ್ಟೋಬರ್‌ನಲ್ಲಿ ಮೊದಲ ಹಂತದ ಅರಣ್ಯ ಅನುಮತಿ, ನವೆಂಬರ್‌ನಲ್ಲಿ ಪರಿಸರ ಅನುಮತಿ ಸಿಕ್ಕವು.

ನೀತಿ ಆಯೋಗದ ಕಲ್ಪನೆಯಲ್ಲಿ ಮೂಡಿದ ಯೋಜನೆಯಲ್ಲಿ ನಾಲ್ಕು ಭಾಗಗಳಿವೆ: ದೊಡ್ಡ ಹಡಗುಗಳಿಂದ ಸಣ್ಣ ಹಡಗುಗಳಿಗೆ ಕಂಟೇನರ್ ವರ್ಗಾಯಿಸುವ ಬಂದರು, ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ಹೊಸ ಪಟ್ಟಣ, ಮತ್ತು ಅನಿಲ ಹಾಗೂ ಸೌರಶಕ್ತಿಯ ವಿದ್ಯುತ್ ಸ್ಥಾವರ. ಬಂದರಿನ ಪೂರ್ಣ ಸಾಮರ್ಥ್ಯ ವರ್ಷಕ್ಕೆ 1.42 ಕೋಟಿ ಟಿಇಯು, ಅಂದರೆ ಇಪ್ಪತ್ತು ಅಡಿ ಉದ್ದದ ಅಷ್ಟು ಕಂಟೇನರ್‌ಗಳು. ಒಟ್ಟು ಪ್ರದೇಶ 166.10 ಚದರ ಕಿಲೋಮೀಟರ್, ಅದರಲ್ಲಿ ಅರಣ್ಯ 130.75 ಚದರ ಕಿಲೋಮೀಟರ್. ವೆಚ್ಚ ಮೊದಲು 72,000 ಕೋಟಿ ರೂಪಾಯಿ ಎಂದಿದ್ದದ್ದು ನಂತರ 80,000 ಕೋಟಿ ದಾಟಿತು. 2011ರಲ್ಲಿ ಸುಮಾರು 8,000 ಜನರಿದ್ದ ದ್ವೀಪದಲ್ಲಿ ಮುಂದೆ ಮೂರೂವರೆ ಲಕ್ಷ ಜನ ನೆಲೆಸುವ ಅಂದಾಜಿದೆ.

ಯೋಜನಾ ಪ್ರದೇಶದಲ್ಲಿ ಮೆಗಾಪೋಡ್ ಗೂಡುಗಳಿವೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಅದಕ್ಕಾಗಿಯೇ ಅನುಮತಿಯಲ್ಲಿ ಈ ಹಕ್ಕಿಯ ರಕ್ಷಣೆಗೆ ಷರತ್ತುಗಳಿವೆ. ಹುಲಿಗೆ ಸಿಗುವ ಕಾನೂನಿನ ರಕ್ಷಣೆಯೇ, ಅಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದ ಸ್ಥಾನವೇ, ಮೆಗಾಪೋಡ್‌ಗೂ ಇದೆ.

ಯೋಜನೆಯ ಪರವಾದ ಮಾತು

ಈ ವಾದವನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಮಲಾಕ್ಕಾ ಜಲಸಂಧಿಗೆ ಹೋಗುವ ಅಂತಾರಾಷ್ಟ್ರೀಯ ಹಡಗು ಮಾರ್ಗ ಗಲಾಥಿಯಾ ಕೊಲ್ಲಿಯಿಂದ ಸುಮಾರು 40 ನಾಟಿಕಲ್ ಮೈಲಿ ದೂರದಲ್ಲಿದೆ. ಕೊಲ್ಲಿಗೆ 20 ಮೀಟರ್‌ಗೂ ಹೆಚ್ಚಿನ ಸ್ವಾಭಾವಿಕ ಆಳವಿದೆ. ಭಾರತಕ್ಕೆ ಸೇರಿದ, ನಡುದಾರಿಯಲ್ಲಿ ಹಡಗು ಬದಲಿಸುವ ಸರಕಿನಲ್ಲಿ ಮುಕ್ಕಾಲು ಪಾಲು ಹೊರದೇಶದ ಬಂದರುಗಳಲ್ಲಿ, ಮುಖ್ಯವಾಗಿ ಕೊಲಂಬೊ, ಸಿಂಗಪುರ, ಮಲೇಷ್ಯಾದ ಕ್ಲಾಂಗ್‌ನಲ್ಲಿ ಬದಲಾಗುತ್ತದೆ. ಆ ಶುಲ್ಕ, ಆ ಉದ್ಯೋಗ ಇಲ್ಲಿಗೆ ಬರಲಿ ಎಂಬ ಆಸೆ ಸಹಜ. ಹಿಂದೂ ಮಹಾಸಾಗರದಲ್ಲಿ ಚೀನಾದ ಓಡಾಟ ಹೆಚ್ಚಿದ ಮೇಲೆ ದೇಶದ ದಕ್ಷಿಣದ ತುತ್ತತುದಿಯಲ್ಲಿ ಗಟ್ಟಿ ನೆಲೆ ಇರಬೇಕೆಂಬ ರಕ್ಷಣಾ ವಾದವೂ ಇದರೊಂದಿಗೆ ಸೇರಿದೆ.

ಪರಿಸರದ ವಿಷಯದಲ್ಲಿ ಸರ್ಕಾರದ ಉತ್ತರ ಹೀಗಿದೆ: ಕಾಡನ್ನು ಒಮ್ಮೆಲೇ ಕಡಿಯುವುದಿಲ್ಲ, ಹಂತಹಂತವಾಗಿ ಕಡಿಯುತ್ತೇವೆ. ಬಳಸಲು ಅನುಮತಿ ಸಿಕ್ಕ ಅರಣ್ಯದಲ್ಲೇ ಸುಮಾರು 66 ಚದರ ಕಿಲೋಮೀಟರ್ ಹಸಿರಾಗಿ ಉಳಿಯುತ್ತದೆ. ಮಾಲಿನ್ಯ, ಜೀವವೈವಿಧ್ಯ, ಬುಡಕಟ್ಟು ಜನರ ಹಿತ ಈ ಮೂರಕ್ಕೂ ಬೇರೆ ಬೇರೆ ನಿಗಾ ಸಮಿತಿಗಳಿವೆ. ಹೋದ ಕಾಡಿಗೆ ಬದಲಾಗಿ ಹರಿಯಾಣದಲ್ಲಿ ಮರ ಬೆಳೆಸಲಾಗುತ್ತದೆ. ಮೆಗಾಪೋಡ್‌ಗಾಗಿ ಮೆಂಚಾಲ್ ದ್ವೀಪವನ್ನು, ಕಡಲಾಮೆಗಾಗಿ ಲಿಟಲ್ ನಿಕೋಬಾರ್‌ನ ತೀರವನ್ನು, ಹವಳಕ್ಕಾಗಿ ಮೆರೋ ದ್ವೀಪವನ್ನು ಅಭಯಾರಣ್ಯವೆಂದು 2022ರಲ್ಲಿ ಸಾರಲಾಗಿದೆ.

ವಿರೋಧದ ವಾದ, ಮತ್ತು ಒಂದು ನಕ್ಷೆಯ ಜಗಳ

ವಿರೋಧಿಸುವವರಲ್ಲಿ ಪರಿಸರತಜ್ಞರಷ್ಟೇ ಇಲ್ಲ. ಲಿಟಲ್ ಮತ್ತು ಗ್ರೇಟ್ ನಿಕೋಬಾರ್‌ನ ಬುಡಕಟ್ಟು ಮಂಡಳಿ ತಾನು ಕೊಟ್ಟಿದ್ದ ನಿರಾಕ್ಷೇಪಣಾ ಪತ್ರವನ್ನು 2022ರ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಸುನಾಮಿಯ ನಂತರ ಬಿಟ್ಟುಬರಬೇಕಾದ ತಮ್ಮ ಹಳೆಯ ಊರುಗಳು ಯೋಜನೆಯೊಳಗೆ ಸೇರಿವೆ ಎಂಬುದನ್ನು ತಮಗೆ ಸರಿಯಾಗಿ ತಿಳಿಸಲಿಲ್ಲ ಎಂಬುದು ಅವರ ದೂರು. ಒಳಕಾಡಿನಲ್ಲಿ ಬದುಕುವ ಶೋಂಪೆನ್ನರು 2011ರ ಜನಗಣತಿಯಲ್ಲಿ 229 ಮಂದಿ. ಹೊರಗಿನ ಲಕ್ಷಾಂತರ ಜನ ಬಂದರೆ ಅವರ ಪಾಡೇನು ಎಂಬ ಪ್ರಶ್ನೆಗೆ ಸಮಾಧಾನದ ಉತ್ತರ ಬಂದಿಲ್ಲ. ಅದು ಪ್ರತ್ಯೇಕ ಲೇಖನಕ್ಕೇ ತಕ್ಕ ವಿಷಯ. ಕೇರಳದ ವಿಳಿಂಜಂ 2025ರಲ್ಲಿ ಉದ್ಘಾಟನೆಯಾಗಿ ಇದೇ ಬಗೆಯ ಸರಕು ನಿಭಾಯಿಸುತ್ತಿರುವಾಗ ಇನ್ನೊಂದು ಬಂದರು ಬೇಕೇ ಎಂದು ಕೇಳುವ ಅರ್ಥಶಾಸ್ತ್ರದ ವಾದವೂ ಇದೆ.

ಮೆಗಾಪೋಡ್‌ಗೆ ನೇರವಾಗಿ ತಾಗುವುದು ಕರಾವಳಿ ವಲಯದ ಜಗಳ. ದ್ವೀಪಗಳ ಕರಾವಳಿ ನಿಯಂತ್ರಣಕ್ಕೆ 2019ರ ಅಧಿಸೂಚನೆ ಇದೆ. ಅದರಲ್ಲಿ 1ಎ ಎಂಬ ವರ್ಗ ಅತಿ ಸೂಕ್ಷ್ಮ ಜಾಗಗಳದ್ದು: ಹವಳ, ಕಾಂಡ್ಲಾಕಾಡು, ಕಡಲಾಮೆ ಮೊಟ್ಟೆ ಇಡುವ ತೀರ, ಹಕ್ಕಿಗಳು ಗೂಡು ಕಟ್ಟುವ ನೆಲ. ಅಲ್ಲಿ ಬಂದರು ಕಟ್ಟುವಂತಿಲ್ಲ. ಉಬ್ಬರ ಇಳಿತಗಳ ನಡುವಿನ 1ಬಿ ವರ್ಗದಲ್ಲಿ ಕಟ್ಟಬಹುದು. ಹಾಗಾಗಿ ಗಲಾಥಿಯಾ ಯಾವ ವರ್ಗ ಎಂಬುದರ ಮೇಲೆ ಎಲ್ಲ ನಿಂತಿದೆ.

ಯೋಜನೆಯ ಸುಮಾರು 7 ಚದರ ಕಿಲೋಮೀಟರ್ 1ಎ ವರ್ಗಕ್ಕೆ ಬರುತ್ತದೆ ಎಂದು ದ್ವೀಪಗಳ ಕರಾವಳಿ ಪ್ರಾಧಿಕಾರವೇ ಮೊದಲು ಹೇಳಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2023ರ ಏಪ್ರಿಲ್‌ನಲ್ಲಿ ಅನುಮತಿಯನ್ನು ರದ್ದು ಮಾಡಲಿಲ್ಲ. ಆದರೆ ಹವಳ, ಕರಾವಳಿ ವರ್ಗ, ಪರಿಸರದ ಮೇಲಿನ ಪರಿಣಾಮ ತಿಳಿಯಲು ಒಂದೇ ಋತುವಿನಲ್ಲಿ ಮಾಡಿದ ಅಧ್ಯಯನ ಈ ಮೂರು ಪ್ರಶ್ನೆಗಳನ್ನು ನೋಡಲು ಉನ್ನತಾಧಿಕಾರ ಸಮಿತಿ ರಚಿಸಿತು. ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಸ್ಥಳ ಪರಿಶೀಲಿಸಿ, ಯೋಜನೆಯ ಯಾವ ಭಾಗವೂ 1ಎ ವರ್ಗಕ್ಕೆ ಬರುವುದಿಲ್ಲ ಎಂದಿತು. ಸರ್ಕಾರ ಅದನ್ನೇ ಆಧಾರವಾಗಿಟ್ಟುಕೊಂಡಿತು. ದ್ವೀಪಗಳ ಮೇಲೆ ಅಧಿಕಾರವ್ಯಾಪ್ತಿ ಇರುವ ಕಲ್ಕತ್ತಾ ಹೈಕೋರ್ಟ್‌ಗೂ ಅರಣ್ಯ ಹಕ್ಕುಗಳ ಪ್ರಶ್ನೆ ಹೋಗಿದೆ.

ಹಕ್ಕಿಯ ಕಡೆಯಿಂದ ನೋಡಿದರೆ ಇಲ್ಲಿ ದೊಡ್ಡ ತೊಡಕಿದೆ. ಮೊಟ್ಟೆ ಇಡುವ ಮೆಗಾಪೋಡ್ ದಿಬ್ಬ ಕಣ್ಣೆದುರೇ ಇರುವಾಗ ಅದು ಹಕ್ಕಿ ಗೂಡು ಕಟ್ಟುವ ನೆಲವಲ್ಲ ಎನ್ನುವುದಾದರೆ, ಆ ತೀರ್ಮಾನದ ಪೂರ್ಣ ವರದಿ ಸಾರ್ವಜನಿಕರ ಕೈಗೆ ಸಿಗಬೇಕು. ಒಂದೇ ಋತುವಿನ ಅಧ್ಯಯನದ ಪ್ರಶ್ನೆಯೂ ಇಲ್ಲಿ ಬರಿಯ ತಾಂತ್ರಿಕ ತಕರಾರಾಗಿ ಉಳಿಯುವುದಿಲ್ಲ. ಈ ತಿಂಗಳು ಪಾಳುಬಿದ್ದಂತೆ ಕಂಡ ದಿಬ್ಬಕ್ಕೆ ಮತ್ತೊಂದು ಋತುವಿನಲ್ಲಿ ಹಕ್ಕಿಗಳು ಮರಳಬಹುದು. ಒಮ್ಮೆ ಹೋಗಿ ಎಣಿಸಿ ಬಂದರೆ ಲೆಕ್ಕ ಕಡಿಮೆಯೇ ಬರುತ್ತದೆ.

ಯಾವುದರ ಶೇಕಡಾ?

ಈಗ ಮೊದಲಿನ ಅಂಕಿಗಳಿಗೆ ಮರಳೋಣ. 1.82 ಎಂಬುದು ಇಡೀ ದ್ವೀಪಸಮೂಹದ ಅರಣ್ಯದ ಪಾಲು. ಅದರಲ್ಲಿ ನೂರಾರು ಕಿಲೋಮೀಟರ್ ಉತ್ತರದ ಅಂಡಮಾನ್ ಕಾಡೂ ಸೇರಿದೆ, ಅಲ್ಲಿ ಮೆಗಾಪೋಡ್ ಇಲ್ಲ. ಗ್ರೇಟ್ ನಿಕೋಬಾರ್ ಒಂದನ್ನೇ ತೆಗೆದುಕೊಂಡರೆ ದ್ವೀಪದ ವಿಸ್ತೀರ್ಣ ಸುಮಾರು 910 ಚದರ ಕಿಲೋಮೀಟರ್. ಯೋಜನೆಯ 166 ಚದರ ಕಿಲೋಮೀಟರ್ ಅದರ ಶೇ 18ರ ಹತ್ತಿರ. ದಿಬ್ಬ ಕಟ್ಟಲು ಆಗುವ ಕಡಲಂಚನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಪಾಲು ಬೇರೆಯೇ ಆಗುತ್ತದೆ, ಏಕೆಂದರೆ ಬಂದರು ಬರುವುದು ಸರಿಯಾಗಿ ಆ ಪಟ್ಟಿಯ ಮೇಲೆ. ಅಂಕಿ ಸುಳ್ಳಲ್ಲ, ಭಾಗಿಸಿದ ಸಂಖ್ಯೆ ಹಕ್ಕಿಗೆ ಸಂಬಂಧವಿಲ್ಲದ್ದು. ಮರಗಳ ಸಂಖ್ಯೆಯ ಮೇಲಿನ ಜಗಳವೂ ಹೀಗೆಯೇ: ಒಳಕಾಡಿನ ಲಕ್ಷ ಮರ ಉಳಿಸಿ ತೀರದ ಸಾವಿರ ಮರ ಕಡಿದರೂ ಮೆಗಾಪೋಡ್‌ಗೆ ಆಗುವ ನಷ್ಟ ಕಡಿಮೆಯಾಗುವುದಿಲ್ಲ. ಹರಿಯಾಣದ ಗಿಡಗಳ ವಿಷಯ ಹೇಳುವುದೇ ಬೇಡ.

ಮೆಂಚಾಲ್ ಬದಲಿ ಆಗಬಲ್ಲದೇ?

ಮೆಂಚಾಲ್ ದ್ವೀಪದಲ್ಲಿ ಮೆಗಾಪೋಡ್ ಇದೆ, ಅದೂ ಇದೇ ದಕ್ಷಿಣದ ಉಪಪ್ರಭೇದ. ಅಲ್ಲಿನ ಹಕ್ಕಿಗಳಿಗೆ ರಕ್ಷಣೆ ಸಿಕ್ಕರೆ ಒಳ್ಳೆಯದೇ. ಅದನ್ನು ಗಲಾಥಿಯಾದ ಬದಲಿ ಎಂದು ಹೇಳುವುದು ಮಾತ್ರ ಕಷ್ಟ. ಮೆಂಚಾಲ್ ಅಭಯಾರಣ್ಯದ ವಿಸ್ತೀರ್ಣ 1.29 ಚದರ ಕಿಲೋಮೀಟರ್. ಅಲ್ಲಿನ ಒಳ್ಳೆಯ ಜಾಗಗಳಲ್ಲಿ ಆಗಲೇ ಹಕ್ಕಿಗಳು ದಿಬ್ಬ ಕಟ್ಟಿಕೊಂಡಿವೆ. ಇದ್ದ ಹಕ್ಕಿಗೆ ಹೊಸ ಕಾನೂನು ರಕ್ಷಣೆ ಕೊಟ್ಟ ಮಾತ್ರಕ್ಕೆ ಹೊಸ ಕಡಲಂಚು ಹುಟ್ಟಿದಂತಾಗುವುದಿಲ್ಲ. ಮೆಗಾಪೋಡ್ ದ್ವೀಪಕ್ಕೆ ಸುನಾಮಿಯಲ್ಲಿ ಏನಾಯಿತೆಂಬುದು ಗೊತ್ತಿದ್ದೂ ಇನ್ನೊಂದು ಪುಟ್ಟ ದ್ವೀಪದ ಮೇಲೆ ಇಷ್ಟು ಭಾರ ಹೊರಿಸುವುದು ಜಾಣತನವೂ ಅಲ್ಲ. ಇದರ ಜೊತೆಗೆ, ಈ ದ್ವೀಪಗಳು ತಲೆಮಾರುಗಳಿಂದ ನಿಕೋಬಾರಿ ಜನರ ಒಡೆತನದವು. ಅಭಯಾರಣ್ಯ ಮಾಡುವ ಮುಂಚೆ ತಮ್ಮನ್ನು ಕೇಳಲಿಲ್ಲ ಎಂದು ಅವರು ಹೇಳಿದ್ದಾರೆ.

ಮೊಟ್ಟೆಗಳನ್ನೇ ಸಾಗಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಉದಾಹರಣೆಯೂ ಇದೆ. ಟೋಂಗಾ ದೇಶದಲ್ಲಿ ನಿಯುಆಫೋಊ ಎಂಬ ಒಂದೇ ದ್ವೀಪದಲ್ಲಿ ಉಳಿದಿದ್ದ ಮೆಗಾಪೋಡ್‌ನ ಮೊಟ್ಟೆ, ಮರಿಗಳನ್ನು 1990ರ ದಶಕದ ಆರಂಭದಲ್ಲಿ ಬೇರೆ ಎರಡು ದ್ವೀಪಗಳಿಗೆ ಒಯ್ದರು. ಫೋನುಆಲೇ ದ್ವೀಪದಲ್ಲಿ ಹಕ್ಕಿ ನೆಲೆಯೂರಿತು; ಲಾತೇ ದ್ವೀಪದಲ್ಲಿ ಊರಲಿಲ್ಲ. ಆದರೆ ಆ ಹಕ್ಕಿ ಮೊಟ್ಟೆ ಇಡುವುದು ಜ್ವಾಲಾಮುಖಿಯ ಬಿಸಿ ಇರುವ ನೆಲದಲ್ಲಿ. ಬಿಸಿನೆಲ ಸಿಕ್ಕರೆ ಸಾಕು, ಕಾವು ತಯಾರಿರುತ್ತದೆ. ನಿಕೋಬಾರ್ ಹಕ್ಕಿಗೆ ಕಾವು ಬರುವುದು ತಾನೇ ಕಟ್ಟಿ, ವರ್ಷಗಟ್ಟಲೆ ನೋಡಿಕೊಂಡ ದಿಬ್ಬದಿಂದ. ಅದನ್ನು ಬುಟ್ಟಿಯಲ್ಲಿ ತುಂಬಿ ಒಯ್ಯಲಾಗದು. ಜೊತೆಗೆ ಫೋನುಆಲೇಯಲ್ಲಿ ಜನವಸತಿ ಇರಲಿಲ್ಲ, ಮೊದಲೇ ನೆಲೆಸಿದ್ದ ಮೆಗಾಪೋಡ್‌ಗಳೂ ಇರಲಿಲ್ಲ. ಟೋಂಗಾದ ಅನುಭವ ಹೇಳುವುದಿಷ್ಟು: ಖಾಲಿ ದ್ವೀಪವಿದ್ದು, ಅದೃಷ್ಟವೂ ಇದ್ದರೆ ಎರಡರಲ್ಲಿ ಒಂದು ಪ್ರಯತ್ನ ಫಲಿಸಬಹುದು. ಇದ್ದ ನೆಲೆಯನ್ನು ಅಳಿಸಲು ಅದನ್ನು ಆಧಾರ ಮಾಡಿಕೊಳ್ಳುವಂತಿಲ್ಲ.

ಮುಂದೇನಾಗಬಹುದು

ಯೋಜನೆ ಈಗಿನ ರೂಪದಲ್ಲೇ ನಡೆದರೆ ಗಲಾಥಿಯಾ ಕೊಲ್ಲಿಯ ದಿಬ್ಬಗಳಲ್ಲಿ ದೊಡ್ಡ ಪಾಲು ಹೋಗುವುದು ಖಂಡಿತ. ಅದು ನೇರ ನಷ್ಟ, ಕಣ್ಣಿಗೆ ಕಾಣುವಂಥದ್ದು. ಕಾಣದ ನಷ್ಟ ನಿಧಾನವಾಗಿ ಬರುತ್ತದೆ. ಮೂರೂವರೆ ಲಕ್ಷ ಜನರ ಪಟ್ಟಣದೊಂದಿಗೆ ನಾಯಿ ಬರುತ್ತದೆ, ಬೆಕ್ಕು ಬರುತ್ತದೆ, ಕಸದ ಜೊತೆ ಹೆಗ್ಗಣ ಬರುತ್ತದೆ. ಯೋಜನೆಯ ಗಡಿ ನಾಯಿಗೆ ಗೊತ್ತಿರುವುದಿಲ್ಲ. ಕಾವಲಿಲ್ಲದೆ ನೆಲದಿಂದ ಏಳುವ ಮರಿಗೆ ಅಪಾಯ ದ್ವೀಪದ ಉಳಿದ ಕಡಲಂಚಿಗೂ ಹಬ್ಬುತ್ತದೆ. ಮುಟ್ಟದೆ ಬಿಟ್ಟೆವು ಎಂದು ನಕ್ಷೆಯಲ್ಲಿ ಹಸಿರು ಬಳಿದ ಜಾಗದಲ್ಲೂ ಮರಿಗಳು ಉಳಿಯದಿರಬಹುದು.

ಇನ್ನೊಂದು ತೊಡಕೆಂದರೆ ಈ ಇಳಿಕೆ ತಡವಾಗಿ ಕಾಣುತ್ತದೆ. ಬೆಳೆದ ಹಕ್ಕಿಗಳು ಹಲವು ವರ್ಷ ಬದುಕುತ್ತವೆ. ಒಂದೂ ಮರಿ ಉಳಿಯದ ಕಾಡಿನಲ್ಲೂ ಮೆಗಾಪೋಡ್‌ನ ಕೂಗು ಕೆಲಕಾಲ ಕೇಳುತ್ತಲೇ ಇರುತ್ತದೆ. ಹಕ್ಕಿ ಕಂಡಿತು, ಎಲ್ಲ ಸರಿಯಿದೆ ಎಂದು ವರದಿ ಬರೆಯಲು ಅಷ್ಟು ಸಾಕಾಗಿಬಿಡುತ್ತದೆ. ಹಾಗಾಗಿ ಎಣಿಸಬೇಕಾದದ್ದು ಮೊಟ್ಟೆ ಇರುವ ದಿಬ್ಬಗಳನ್ನು ಮತ್ತು ಹೊರಬಂದ ಮರಿಗಳನ್ನು. ಅದೂ ಎಲ್ಲ ಋತುಗಳಲ್ಲಿ, ಕಾಮಗಾರಿ ಶುರುವಾಗುವ ಮುಂಚೆಯೇ. ಆ ಮೊದಲ ಎಣಿಕೆ ಇಲ್ಲದಿದ್ದರೆ ಮುಂದೆ ನಿಗಾ ಸಮಿತಿ ಎಷ್ಟು ವರದಿ ಕೊಟ್ಟರೂ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಬಂದರಿನ ಜಾಗವನ್ನೇ ಮರುಪರಿಶೀಲಿಸುವುದು ಸರಿ ಎಂಬುದು ಈ ಲೇಖನದ ನಿಲುವು. ರಕ್ಷಣಾ ಅಗತ್ಯಕ್ಕೆ ಬೇಕಾದ ಸೌಲಭ್ಯ, ವ್ಯಾಪಾರದ ಕಂಟೇನರ್ ಬಂದರು, ಮೂರೂವರೆ ಲಕ್ಷ ಜನರ ಪಟ್ಟಣ ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಇದೇ ದ್ವೀಪದ ಕ್ಯಾಂಪ್‌ಬೆಲ್ ಬೇಯಲ್ಲಿ ನೌಕಾಪಡೆಯ ಐಎನ್‌ಎಸ್ ಬಾಜ್ ನೆಲೆ 2012ರಿಂದ ಇದೆ. ಭದ್ರತೆಗೆ ಎಷ್ಟು ಬೇಕು, ಎಲ್ಲಿ ಬೇಕು ಎಂಬುದನ್ನು ಪ್ರತ್ಯೇಕವಾಗಿ ತೂಗಿದರೆ ಗಲಾಥಿಯಾ ತೀರ ಉಳಿಯುವ ದಾರಿ ಇರಬಹುದು. ಮೂರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ, ಭದ್ರತೆಯ ಹೆಸರಿನಲ್ಲಿ ಎಲ್ಲಕ್ಕೂ ಒಪ್ಪಿಗೆ ಕೇಳಿದಾಗ ಆ ತೂಕ ನಡೆಯುವುದೇ ಇಲ್ಲ.

ಅಷ್ಟಾಗಿಯೂ ಕಾಮಗಾರಿ ಮುಂದುವರಿದರೆ, ಮರ ಕಡಿಯುವ ವೇಳಾಪಟ್ಟಿ ಹಾಕುವವರು ಒಂದು ಅವಧಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ದಿಬ್ಬದಲ್ಲಿ ಇಂದು ಇಟ್ಟ ಮೊಟ್ಟೆಯಿಂದ ಮರಿ ಹೊರಬರಲು ಸುಮಾರು ಎರಡೂವರೆ ತಿಂಗಳು. ಅಷ್ಟೂ ದಿನ ಮೇಲಿನಿಂದ ನೋಡಿದರೆ ಅದೊಂದು ಮಣ್ಣಿನ ಗುಡ್ಡೆ. ಮೇಲೆ ಹಕ್ಕಿ ಕೂತಿರುವುದಿಲ್ಲ, ಒಳಗೆ ಜೀವವಿದೆ ಎಂಬ ಸುಳಿವೂ ಕಾಣುವುದಿಲ್ಲ. ಯಂತ್ರ ಇಳಿಸುವ ಮುಂಚೆ ಪ್ರತಿ ದಿಬ್ಬವನ್ನೂ ಬಲ್ಲವರೊಬ್ಬರು ನೋಡಿ ಸಹಿ ಹಾಕಬೇಕು, ಆ ಸಹಿ ಇರುವ ಕಾಗದ ಯಾರು ಕೇಳಿದರೂ ಸಿಗಬೇಕು.